‘ತಿಳಿದುಬಂದಿಲ್ಲ’ನ ಕೇಸ್ ಶೀಟು

ಏಳು ಕೋಟೆಗಳನ್ನು ವಶಪಡಿಸಿಕೊಂಡವನು; ನಲವತ್ತೊಂದು ಬಾರಿ ಮಡಿದು ನಲವತ್ತೊಂದು ಬಾರಿಯೂ ಮೈ ಕೊಡವಿ ಮೇಲೆದ್ದವನು; ದೀನರ ಬಾಗಿಲಲ್ಲಿ ತಲೆ ಬಾಗಿದವನು, ದುರುಳರ ಬಾಗಿಲನ್ನು ಕಾಲಿನಿಂದ ತೆರೆದವನು; ಶರಣು ಬಂದ ಶತ್ರುವನ್ನು ಬೆಳಗ್ಗೆ ಕಾಯ್ದವನು, ಅದೇ ಶತ್ರುವನ್ನು ಮಧ್ಯಾಹ್ನ ಬಾವಿಗೆ ನೂಕಿದವನು; ಕುದುರೆಯೇರಿದರೆ ಸಿಡಿಲು, ಕೊಳದ ದಂಡೆಯಲ್ಲಿ ಕುಳಿತರೆ ಶಿಲೆ; ನುಡಿಯಲ್ಲಿ ಮಿತ, ನಡೆಯಲ್ಲಿ ಅಮಿತ; ಕಣ್ಣಿನ ತುಂಬ ಕಾಂತಿ, ತಲೆಯ ತುಂಬ ಕೂದಲು, ಆ ಕೂದಲಿನ ಕೆಳಗೆ ಮಾತ್ರ ತಾನಾರೆಂಬುದರ ಎಳ್ಳಷ್ಟೂ ಸುಳಿವಿಲ್ಲದವನು; ಇಂತಪ್ಪ ಸಕಲಗುಣಸಂಪನ್ನನ ಹೆಸರು ‘ತಿಳಿದುಬಂದಿಲ್ಲ’.

ಈತನ ವಾಸ ಟಿವಿಯೊಳಗೆ. ಈತನಿಗೆ ಹೆಸರಿಟ್ಟಾತನು ದೊಡ್ಡ ಆಸ್ಪತ್ರೆಯೊಂದರ ದಾಖಲೆ ಕೊಠಡಿಯಲ್ಲಿ ಇಪ್ಪತ್ತೇಳು ವರ್ಷಗಳಿಂದ ರೋಗಿಗಳ ಕೇಸ್ ಶೀಟುಗಳನ್ನು ಜೋಡಿಸಿಡುತ್ತ ಬಂದಿರುವ ಒಬ್ಬ ಗೃಹಸ್ಥ. ಸ್ನಾನದ ಮನೆಯಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಾಗ, ಪಟ್ಟಿ ಬಿಚ್ಚಿದ ಮೂಳೆವೈದ್ಯರು, ಮರಗಟ್ಟಿದ ಬೆರಳುಗಳಿಗೆ ವ್ಯಾಯಾಮವಾಗಲೆಂದು ದಿನಕ್ಕೆ ಅರ್ಧ ಗಂಟೆ ವಿಡಿಯೊ ಗೇಮ್ ಆಡಬೇಕೆಂದು ಬರೆದುಕೊಟ್ಟಿದ್ದರು. ಮಾತ್ರೆಯ ಚೀಟಿಯಲ್ಲೇ, ಮಾತ್ರೆಗಳ ಹೆಸರಿನ ಕೆಳಗೆ. ಅಂದಿನಿಂದ ಇಂದಿಗೆ ಐವತ್ತೆಂಟು ದಿನ.

ಈಗ ಬೆಳಗಿನ ಎಂಟೂವರೆ. ಟಿವಿಯ ಮೇಲೊಂದು ಪ್ರಶ್ನೆ ನಿಂತಿದೆ: ‘ತಿಳಿದುಬಂದಿಲ್ಲ’ನನ್ನು ಅಳಿಸಬೇಕೆ? ಅಳಿಸಿದ ಮೇಲೆ ಮರಳಿ ಬಾರನು. ಹೌದು. ಬೇಡ. ಆಟದ ರಿಮೋಟು ಹಿಡಿದ ಗೃಹಸ್ಥನ ಹೆಬ್ಬೆರಳು ‘ಹೌದು’ ಎಂಬುದರ ಗುಂಡಿಯ ಮೇಲಿದೆ. ಎದುರಿಗೆ ಹೆಂಡತಿ, ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿದುಕೊಡುವ ಕಸುಬಿನವಳು, ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇದೆ. ಮೂಲೆಯ ಕುರ್ಚಿಯಲ್ಲಿ ಗೃಹಸ್ಥನ ತಾಯಿ ಬಟಾಣಿ ಬಿಡಿಸುತ್ತಿದ್ದಾಳೆ. ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದು ನಿವೃತ್ತಳಾದ ಆಕೆಗೆ, ಮಗ ಸೊಸೆಯರ ಜಗಳದಲ್ಲಿ ಬಾಯಿ ಹಾಕುವ ಪದ್ಧತಿಯಿಲ್ಲ.

ಹೆಂಡತಿ: ಕೈ ತೆಗೀರಿ ಅಂದ್ನಲ್ಲ! ಮೊದಲು ಕೈ ತೆಗೀರಿ, ಆಮೇಲೆ ಜಗಳ ಮುಂದುವರಿಸೋಣ.

ಗಂಡ: ಇಲ್ಲ. ತೆಗೆದ್ರೆ ಮನಸ್ಸು ಕರಗಿಬಿಡುತ್ತೆ.

ಹೆಂಡತಿ: ಕರಗಲಿ! ಒಬ್ಬ ಮನುಷ್ಯನ್ನ ಅಳಿಸಿ ಹಾಕೋದು ಅಂದ್ರೆ ಹುಡುಗಾಟಾನಾ?

ಗಂಡ: ಮನುಷ್ಯ? ಆಟ ತಂದ ವಾರ ನೀನೇ ಏನಂದೆ? ‘ಈ ವಯಸ್ಸಲ್ಲಿ ಟಿವಿ ಮುಂದೆ ಗೊಂಬೆ ಕುಣಿಸ್ತೀರಲ್ಲ, ಪಕ್ಕದ ಮನೆಯವರು ನೋಡಿದ್ರೆ ಕಿಟಕಿ ಮುಚ್ಕೋತಾರೆ’ ಅಂದಿದ್ದೆ ತಾನೆ?

ಹೆಂಡತಿ: ಗೊಂಬೆ ಆದ್ರೇನು? ಗೊಂಬೆಗೆ ಜೀವ ಇಲ್ವಾ?

ಗಂಡ: ಇಲ್ಲ.

ಹೆಂಡತಿ: ಇಲ್ಲದ ಜೀವಕ್ಕೆ ಮುಕ್ತಿ ಕೊಡ್ತೀನಿ ಅಂತ ಬೆಳಗ್ಗೆಯಿಂದ ಮೂರು ಸಲ ಮೂಗು ಸೀಟಿದ್ದು ಯಾರು? ಆ ಕರವಸ್ತ್ರ ನಾನು ಒಗೀಬೇಕು, ನೆನಪಿರಲಿ.

ಗಂಡ: ಇವತ್ತು ಆಗಿದ್ದು ನೀನು ನೋಡಿಲ್ಲ ಕಣೇ. ನೋಡಿದ್ರೆ ನೀನೇ ಗುಂಡಿ ಒತ್ತುತ್ತಿದ್ದೆ. ಕೊಳದ ದಂಡೇಲಿ ಹೋಗ್ತಾ ಇದ್ದ. ಒಬ್ಬ ಹೆಣ್ಮಗಳು ಏದುಸಿರು ಬಿಡ್ತಾ ಬಂದು ‘ನಿಮಗೋಸ್ಕರಾನೇ ಕಾಯ್ತಾ ಇದ್ದೆ’ ಅಂದ್ಲು. ಕೆಳಗೆ ಮೂರು ಉತ್ತರ ಬಂತು, ಒಂದನ್ನ ಆರಿಸಿ ಅಂತ. ನನಗೋ ಅವಳ ಪರಿಚಯ ಇಲ್ಲ. ಗೊತ್ತಿಲ್ಲದ ಹೆಂಗಸರ ಹತ್ರ ಸಲಿಗೆ ಸರಿಯಲ್ಲ ಅಂತ ‘ತಾವು ಯಾರು, ಸಹೋದರಿ?’ ಅನ್ನೋದನ್ನ ಒತ್ತಿದೆ.

ಹೆಂಡತಿ: ಆಮೇಲೆ?

ಗಂಡ: ಅತ್ತುಬಿಟ್ಲು. ಅಲ್ಲೇ ಕುಸಿದು ಕೂತು ಅತ್ಲು. ಈ ಮಹಾರಾಯ ಕಂಬದ ಹಾಗೆ ನಿಂತಿದ್ದಾನೆ. ಅವಳಿಗೆ ಅವನು ಗೊತ್ತು, ಅವನಿಗೆ ಅವಳು ಗೊತ್ತಿಲ್ಲ, ಅವನಿಗೆ ಅವನೇ ಗೊತ್ತಿಲ್ಲ. ಇನ್ನು ಇವನಿಂದ ಇನ್ನೊಬ್ಬರಿಗೆ ನೋವಾಗೋದು ಬೇಡ. ಮುಗಿಸಿಬಿಡ್ತೀನಿ.

ಹೆಂಡತಿ: ಮುಗಿಸೋಕೆ ನೀವ್ಯಾರು?

ಗಂಡ: ಅವನಿಗೆ ಹೆಸರಿಟ್ಟವನು.

ಹೆಂಡತಿ: ಇಟ್ಟ ಹೆಸರಿನ ಚೆಂದ ನೋಡಿ! ತಿಳಿದುಬಂದಿಲ್ಲವಂತೆ! ಯಾವ ತಂದೆ ಯಾವ ಮಗನಿಗೆ ಇಟ್ಟಾನು ಇದನ್ನ?

ಗಂಡ: ಮತ್ತೇನು ಬರೀಲಿ? ಆಟ ಶುರುವಾಗೋದೇ ಹಾಗೆ. ಹೊಳೆ ದಂಡೇಲಿ ಎಚ್ಚರ ಆಗ್ತಾನೆ, ಹಿಂದಿನದು ಒಂದೂ ನೆನಪಿಲ್ಲ. ತಕ್ಷಣ ಕೇಳ್ತು, ಹೆಸರು? ನಮ್ಮ ಆಸ್ಪತ್ರೇಲಿ ಪ್ರಜ್ಞೆ ಇಲ್ಲದ ರೋಗಿ ಬಂದ್ರೆ ಏನು ಬರೀತೀವೋ ಅದನ್ನೇ ಬರೆದೆ.

ಹೆಂಡತಿ: ಅಯ್ಯೋ, ಅದು ಒಂದು ಹೆಸರಿಡಿ ಅಂತ ಕೇಳಿದ್ದು!

ಗಂಡ: ಇಲ್ಲದ ಹೆಸರು ಬರೆದ್ರೆ ಸುಳ್ಳು ದಾಖಲೆ ಆಗುತ್ತೆ. ಇಪ್ಪತ್ತೇಳು ವರ್ಷದಲ್ಲಿ ಒಂದು ಸುಳ್ಳು ದಾಖಲೆ ಮಾಡಿಲ್ಲ ನಾನು.

ಹೆಂಡತಿ: ಅದಕ್ಕೇ ಅಲ್ವಾ, ಪಾಪ, ಮಾರುಕಟ್ಟೇಲಿ ಕಾಲಿಟ್ರೆ ಸಾಕು, ಮಕ್ಕಳೆಲ್ಲ ‘ತಿಳಿದುಬಂದಿಲ್ಲ ಬಂದ್ರು, ತಿಳಿದುಬಂದಿಲ್ಲ ಬಂದ್ರು’ ಅಂತ ಹಿಂದೆ ಬೀಳ್ತವೆ!

ಗಂಡ: (ತಟ್ಟನೆ ತಿರುಗಿ) ಮಕ್ಕಳು ಹಿಂದೆ ಬೀಳೋದು ನಿಂಗೆ ಹೇಗೆ ಗೊತ್ತು?

ಹೆಂಡತಿ: ನೀವೇ ಹೇಳಿದ್ರಿ.

ಗಂಡ: ಯಾವಾಗ?

ಹೆಂಡತಿ: ನಿದ್ದೇಲಿ.

ಸತ್ಯವನ್ನು ಮರೆಮಾಚುವುದು ಗ್ರಂಥಕರ್ತನಿಗೆ ತರವಲ್ಲ. ಗೊಂಬೆಯೆಂದು ಜರೆದ ಮಾತು ಬಾಯಿಯಲ್ಲಿ ಆರುವ ಮುನ್ನವೇ, ಒಂದು ದಿನ ರಿಮೋಟಿನ ಧೂಳೊರೆಸುವಾಗ ಆಕೆಯ ಕೈ ಒಂದು ಗುಂಡಿಗೆ ತಗುಲಿತ್ತು. ವೀರನು ಕತ್ತಿ ಹಿರಿದಿದ್ದನು. ಅಂದಿನಿಂದ ಪತಿ ಆಫೀಸಿಗೆ ಹೋದ ಮೇಲೆ, ಹನ್ನೊಂದರಿಂದ ಒಂದರವರೆಗೆ, ಶಾಲೆಯ ಮಕ್ಕಳ ಸಮವಸ್ತ್ರಗಳು ಗುಂಡಿಯಿಲ್ಲದೆ ಕಾಯುತ್ತಿರಲು, ಆ ಸಾಧ್ವಿಯು ಕೋಟೆಗಳನ್ನು ಏರುತ್ತಿದ್ದಳು. ಈಗ ವೀರನನ್ನು ಉಳಿಸಬೇಕಾದರೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಸಂಪಾದಿಸಿದ ಮೇಲುಗೈ ಒಂದೇ ಏಟಿಗೆ ಹೋಗುತ್ತದೆ. ಆದ್ದರಿಂದ ಆಕೆ ಇನ್ನೂ ಬಾಯಿಬಲದಿಂದಲೇ ಹೋರಾಡುತ್ತಿದ್ದಳು.

ಹೆಂಡತಿ: ಅವನಿಗೆ ಏನೂ ಆಗಿಲ್ಲ ಕಣ್ರೀ. ನಿಮಗೆ ಎಲ್ಲದರಲ್ಲೂ ಕಾಯಿಲೆ ಕಾಣುತ್ತೆ.

ಗಂಡ: ಕಾಣೋದಲ್ಲ, ದಾಖಲೆ ಇದೆ. ತಗೋ.

ಅವನು ಸೋಫಾದ ದಿಂಬಿನಡಿಯಿಂದ ಆಸ್ಪತ್ರೆಯ ನೀಲಿ ಕಡತವೊಂದನ್ನು ಎಡಗೈಯಿಂದ ಎಳೆದನು. ಬಲಗೈಯ ಹೆಬ್ಬೆರಳು ಗುಂಡಿಯನ್ನು ಬಿಡಲಿಲ್ಲ.

ಹೆಂಡತಿ: ಅವನಿಗೆ ಕೇಸ್ ಶೀಟ್ ಮಾಡಿದ್ದೀರಾ?!

ಗಂಡ: (ಓದುತ್ತ) ‘ದಿನ ಒಂಬತ್ತು. ರೋಗಿಯು ಸೇತುವೆಯ ಮೇಲೆ ಚಳಿಯಲ್ಲಿ ಕುಳಿತಿದ್ದ ಮುದುಕನಿಗೆ ತನ್ನ ಕಂಬಳಿಯನ್ನು ದಾನ ಮಾಡಿರುತ್ತಾನೆ. ದಿನ ಹತ್ತು. ಕಂಬಳಿಯು ರೋಗಿಯ ಹೆಗಲ ಮೇಲೆಯೇ ಇದ್ದು, ಮುದುಕನು ನದಿಯಲ್ಲಿ ಇರುತ್ತಾನೆ.’

ಹೆಂಡತಿ: ಆ ಮುದುಕ ಕಳ್ಳ ಕಣ್ರೀ! ಕಂಬಳಿ ಕೊಟ್ಟವನ ಜೇಬಿಗೇ ಕೈ ಹಾಕ್ದ!... ಹಾಕಿರಬಹುದು. ಸೇತುವೆ ಮೇಲೆ ಕೂತವರು ಸಾಮಾನ್ಯವಾಗಿ ಹಾಗೇ.

ಗಂಡ: ‘ದಿನ ಹದಿನೇಳು. ನಿನ್ನೆ ಬೂದು ಅಂಗಿಯಲ್ಲಿದ್ದ ರೋಗಿಯು ಇಂದು ಕೆಂಪು ಅಂಗಿ, ಹಸಿರು ನಡುಪಟ್ಟಿಯಲ್ಲಿ ಕಂಡುಬಂದಿರುತ್ತಾನೆ. ಕಾರಣ ಕೇಳಲಾಗಿ ಉತ್ತರವಿಲ್ಲ.’

ಹೆಂಡತಿ: ಬೂದು ಅಂಗಿ ಭುಜದಲ್ಲಿ ಎರಡು ಬೆರಳು ದೊಡ್ಡದಿತ್ತು. ಕಂಕುಳಲ್ಲಿ ಬಿಗಿ. ಅಂಥದ್ದನ್ನ ಹಾಕ್ಕೊಂಡು ಕತ್ತಿ ಎತ್ತೋಕಾಗುತ್ತಾ?

ಗಂಡ: ನೀನು ಯಾವಾಗ ನೋಡಿದೆ?

ಹೆಂಡತಿ: ನೀವು ಆಡುವಾಗ, ಕಾಫಿ ಇಡೋಕೆ ಬಂದಾಗ. ದರ್ಜಿ ಕಣ್ಣು ರೀ, ಹಾದು ಹೋದ್ರೂ ಅಳತೆ ತಗೊಳ್ಳುತ್ತೆ.

ಗಂಡ: ‘ದಿನ ಇಪ್ಪತ್ತಾರು. ರೋಗಿಯು ಶರಣಾದ ದರೋಡೆಗಾರನಿಗೆ ಅಭಯ ನೀಡಿ, ಒಳ್ಳೆಯ ಮಾತು ಹೇಳಿ, ದಾರಿಖರ್ಚಿಗೆ ರೊಟ್ಟಿ ಕೊಟ್ಟಿರುತ್ತಾನೆ. ದಿನ ಇಪ್ಪತ್ತೇಳು. ದರೋಡೆಗಾರನು ಬಾವಿಯೊಳಗಿಂದ ರೋಗಿಯನ್ನು ಕುರಿತು ಅವಾಚ್ಯವಾಗಿ ಮಾತನಾಡುತ್ತಿದ್ದಾನೆ.’ ಒಂದೇ ಮೈಯಲ್ಲಿ ಇಬ್ಬರು ಕಣೇ. ಒಬ್ಬ ಸಾಧು, ಒಬ್ಬ... ಬಾಯಲ್ಲಿ ಹೇಳಬಾರದು.

ಹೆಂಡತಿ: (ಕೆರಳಿ) ಒಬ್ಬ ಏನು? ಹೇಳಿ!

ಗಂಡ: ಒಬ್ಬ ರಾಕ್ಷಸ.

ಹೆಂಡತಿ: ರಾಕ್ಷಸ ಅಂತೆ! ಆ ರಾಕ್ಷಸ ಇಲ್ಲದಿದ್ರೆ ನಿಮ್ಮ ಸಾಧು ಸೇತುವೇನೂ ದಾಟ್ತಿರಲಿಲ್ಲ!

ಗಂಡ: ನಿಂಗ್ಯಾಕೆ ಇಷ್ಟು ಸಿಟ್ಟು? ನಮ್ಮ ಮನೋವೈದ್ಯರಿಗೂ ತೋರಿಸಿದೆ.

ಹೆಂಡತಿ: ಯಾರನ್ನ?!

ಗಂಡ: ಕೇಸ್ ಶೀಟನ್ನ. ಪೂರ್ತಿ ಓದಿದ್ರು. ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ‘ಇವನು ಈಗ ಎಲ್ಲಿದ್ದಾನೆ?’ ಅಂದ್ರು. ‘ನಮ್ಮನೇಲಿ’ ಅಂದೆ.

ಹೆಂಡತಿ: ದೇವರೇ!

ಗಂಡ: ‘ಮನೇಲಿ ಹೆಂಗಸರಿದ್ದಾರಾ?’ ಅಂದ್ರು. ‘ಇಬ್ಬರಿದ್ದಾರೆ’ ಅಂದೆ. ‘ಕತ್ತಿ ಗಿತ್ತಿ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ’ ಅಂದ್ರು. ‘ಅವನ ಹತ್ರಾನೇ ನಾಲ್ಕಿದೆ ಸಾರ್’ ಅಂದೆ.

ಹೆಂಡತಿ: ಐದು.

ಗಂಡ: ಏನು ಐದು?

ಹೆಂಡತಿ: ಒಂಬತ್ತಕ್ಕೆ ಇನ್ನು ಐದು ನಿಮಿಷ. ಆಫೀಸಿಗೆ ತಡ ಆಗ್ತಿದೆ ಅಂದೆ.

ಗಂಡ: ಹನ್ನೆರಡನೇ ವಾರ್ಡಲ್ಲಿ ಒಂದು ಮಂಚ ಖಾಲಿ ಇಡಿಸಿದ್ದಾರೆ. ಕೊನೇಲಿ ಕೇಳಿದ್ರು, ‘ಅವನಿಗೆ ತನ್ನೋರು ಅಂತ ಯಾರಿದ್ದಾರೆ?’ ‘ಯಾರೂ ಇಲ್ಲ’ ಅಂದೆ. ‘ಅದೇ ಕಾಯಿಲೆ’ ಅಂದ್ರು. ಅವತ್ತು ಊಟದ ಹೊತ್ತಲ್ಲಿ ಹೇಳಿದ್ನಲ್ಲ, ನೀವಿಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಮೂಲೆಯಲ್ಲಿ ಬಟಾಣಿಯ ಸಿಪ್ಪೆಯೊಂದು ಚಟ್ಟೆಂದು ಒಡೆಯಿತು. ಯಾರೂ ಅತ್ತ ನೋಡಲಿಲ್ಲ.

ಹೆಂಡತಿ: (ಸ್ವರ ತಗ್ಗಿಸಿ) ರೀ, ನಿಜ ಹೇಳಿ. ಒಂದು ಆಟದ ಮನುಷ್ಯನಿಗೋಸ್ಕರ ಇಷ್ಟು ಅಳ್ತಾರಾ ಯಾರಾದ್ರೂ? ಏನಾಗಿದೆ ನಿಮಗೆ?

ಗಂಡ: ಏನಿಲ್ಲ.

ಹೆಂಡತಿ: ‘ಏನಿಲ್ಲ’ ಅಂದಾಗೆಲ್ಲ ನಿಮ್ಮ ಎಡಗಿವಿ ಕೆಂಪಾಗುತ್ತೆ. ಹೇಳಿ.

ಗಂಡ: ನಿನ್ನೆ ರಿಜಿಸ್ಟರ್ ವಾಪಸ್ ಬಂತು. ಕೈ ಮುರಿದ ಮೇಲೆ ನನ್ನ ರುಜು ಬದಲಾಗಿದೆಯಂತೆ. ಹಳೇ ರುಜುಗೂ ಇದಕ್ಕೂ ತಾಳೆ ಆಗಲ್ವಂತೆ. ‘ನೀವು ನೀವೇ ಅಂತ ಯಾರಾದ್ರೂ ಬರೆದುಕೊಟ್ರೆ ತಗೋತೀವಿ’ ಅಂದ್ರು.

ಹೆಂಡತಿ: ಇಪ್ಪತ್ತೇಳು ವರ್ಷ ಅದೇ ಕುರ್ಚೀಲಿ ಕೂತವರಿಗೆ?

ಗಂಡ: ಯಾರೂ ಬರೆದುಕೊಡೋಕೆ ಮುಂದೆ ಬರಲಿಲ್ಲ. ನಾಳೆ ಏನಾದ್ರೂ ತೊಂದರೆ ಆದ್ರೆ ಅಂತ ಭಯ. ಕೊನೆಗೆ ಲಿಫ್ಟಿನವನು ಬರೆದುಕೊಟ್ಟ. ‘ಇವರು ಇವರೇ. ದಿನಾ ಎರಡನೇ ಮಹಡೀಲಿ ಇಳೀತಾರೆ.’

ಹೆಂಡತಿ: ಅಷ್ಟೇನಾ ಬರೆದಿದ್ದು?

ಗಂಡ: ಕೆಳಗೆ, ‘ಒಳ್ಳೆಯವರು’ ಅಂತಾನೂ ಸೇರಿಸಿದ್ದ, ಸಾಹೇಬರು ಅದನ್ನ ಹೊಡೆದು ಹಾಕಿದ್ರು, ದಾಖಲೆಗೆ ಸಂಬಂಧ ಇಲ್ಲ ಅಂತ. ನೋಡು, ನನಗಾದ್ರೂ ಲಿಫ್ಟಿನವನಿದ್ದ. ಇವನಿಗೆ ಯಾರಿದ್ದಾರೆ? ನೀನು ನೀನೇ ಕಣಪ್ಪ ಅಂತ ಹೇಳೋರು ಒಬ್ಬರೂ ಇಲ್ಲ. ಹೀಗೆ ನರಳೋದಕ್ಕಿಂತ...

ಹೆಬ್ಬೆರಳು ಬಾಗಿತು. ಆಗ ಆ ಸಾಧ್ವಿಯು ಕೊರಳಿನ ಟೇಪನ್ನು ತ್ಯಾಗಿಯು ಆಭರಣವನ್ನು ತೆಗೆದಿಡುವಂತೆ ತೆಗೆದು ಮೇಜಿನ ಮೇಲಿಟ್ಟಳು.

ಹೆಂಡತಿ: ಆ ಮುದುಕನ್ನ ನದಿಗೆ ತಳ್ಳಿದ್ದು ನಾನು.

ಗಂಡ: ...ಯಾವ ಮುದುಕ?

ಹೆಂಡತಿ: ಸೇತುವೆ ಮುದುಕ. ಕಂಬಳಿ ಕಿತ್ಕೊಂಡಿದ್ದೂ ನಾನೇ. ಕೆಂಪು ಅಂಗಿ ಹೊಲಿಸಿದ್ದೂ ನಾನೇ. ನಿಮ್ಮ ದರೋಡೆಗಾರ ಬಾವೀಲಿರೋದೂ ನನ್ನಿಂದಾನೇ. ಅವನಿಗೆ ಹುಚ್ಚಿಲ್ಲ ರೀ. ಬೆಳಗ್ಗೆ ನೀವು, ಮಧ್ಯಾಹ್ನ ನಾನು.

ಗಂಡನ ಮುಖದಲ್ಲಿ ಮೊದಲು ಹರ್ಷ ಬಂದಿತು. ಅದರ ಹಿಂದೆಯೇ, ಬಾಗಿಲಲ್ಲಿ ನೂಕಾಡುತ್ತ, ಉಳಿದ ರಸಗಳು ಬಂದವು.

ಗಂಡ: ಅಂದ್ರೆ ಅವನಿಗೆ ಏನೂ ಆಗಿಲ್ಲ! ಅವನು ಚೆನ್ನಾಗಿದ್ದಾನೆ!... ಏನಂದೆ? ನನ್ನ ದರೋಡೆಗಾರನ್ನ ಬಾವಿಗೆ ಹಾಕಿದ್ದು ನೀನಾ? ಅರ್ಧ ಗಂಟೆ ಬುದ್ಧಿ ಹೇಳಿ ತಿದ್ದಿದ್ದೆ ಅವನನ್ನ!

ಹೆಂಡತಿ: ತಿದ್ದಿದ್ರಾ? ನಾನು ಬಂದಾಗ ನಮ್ಮ ಕುದುರೆ ಬಿಚ್ತಾ ಇದ್ದ!

ಗಂಡ: ಕುದುರೆ! ನನ್ನ ಬಿಳೀ ಕುದುರೆ ಎಲ್ಲಿ?

ಹೆಂಡತಿ: ಅದು ಕುಂಟ್ತಾ ಇತ್ತು. ಬದಲಾಯಿಸಿದೆ.

ಗಂಡ: ಅದು ಕುಂಟೋದು ಗೊತ್ತಿದ್ದೇ ತಗೊಂಡಿದ್ದೆ! ಬೇರೆ ಯಾರೂ ಅದನ್ನ ಕರ್ಕೊಂಡು ಹೋಗಲ್ಲ ಅಂತ! ಹೋಗಲಿ, ಕೋಟೆಗಳು?

ಹೆಂಡತಿ: ನಾನೇ.

ಗಂಡ: ಏಳೂ?

ಹೆಂಡತಿ: ಆರು. ಒಂದು ನೀವು ಹತ್ತಿದ್ರಿ.

ಗಂಡ: ನಾನು ಹತ್ತಲಿಲ್ಲ. ಬಾಗಿಲು ತಟ್ಟಿ, ಯಾವ ಕೆಲಸಕ್ಕೆ ಬಂದೆ ಅಂತ ಹೇಳಿ, ಒಳಗೆ ಹೋದೆ. ಅವರು ಕೊಟ್ರು.

ಹೆಂಡತಿ: ಕೋಟೇನಾ?!

ಗಂಡ: ಯಾರೂ ಅವರನ್ನ ಹಾಗೆ ಕೇಳಿರಲಿಲ್ಲವಂತೆ. ಇರಲಿ, ನಲವತ್ತೊಂದು ಸಲ ಸತ್ತಿದ್ದಾನಲ್ಲ, ಅದರಲ್ಲಿ ನಿನ್ನದೆಷ್ಟು?

ಹೆಂಡತಿ: ಎರಡು.

ಗಂಡ: ಸುಳ್ಳು!

ಹೆಂಡತಿ: ನಿಮ್ಮದು ಮೂವತ್ತೊಂಬತ್ತು. ಮೂವತ್ತಾರು ಸಲ ಅದೇ ಸೇತುವೆಯಿಂದ ಬಿದ್ದಿದ್ದೀರಿ. ಮೀನುಗಾರರು ನಿಮಗೆ ಕೈ ಬೀಸ್ತಾರೆ ಈಗ.

ಇಬ್ಬರೂ ಒಮ್ಮೆಗೇ ನಕ್ಕರು. ನಗುತ್ತ ನಗುತ್ತ ಸೋಫಾದ ಮೇಲೆ ಪಕ್ಕಪಕ್ಕದಲ್ಲಿ ಕುಳಿತರು. ಆ ಸೋಫಾ ಅಂಥದನ್ನು ಬಹಳ ದಿನದಿಂದ ಕಂಡಿರಲಿಲ್ಲ. ಹೆಬ್ಬೆರಳನ್ನು ತೆಗೆಯುವ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

ಗಂಡ: ಒಂದು ಮಾತು ಒಪ್ಪಬೇಕು ಕಣೇ. ಕೊಳದ ಹತ್ರ ಕಟ್ಟಿಸಿದ್ದೀಯಲ್ಲ ಮನೆ, ತುಂಬಾ ಚೆನ್ನಾಗಿದೆ. ಹೊರಗಿನಿಂದಲೇ ನೋಡಿದೆ. ಕಿಟಕಿಗೆ ಹೂವಿನ ಪರದೆ. ಅದನ್ನ ನೋಡಿದಾಗಲೇ ನೀನು ಅಂತ ಗೊತ್ತಾಗಬೇಕಿತ್ತು.

ಹೆಂಡತಿ: ಯಾವ ಮನೆ?

ಗಂಡ: ಅಂಗಳದಲ್ಲಿ ಬಾತುಕೋಳಿ ಇರೋದು.

ಹೆಂಡತಿ: ಅದು ನೀವು ಕಟ್ಟಿಸಿದ್ದಲ್ವಾ? ದಾನ ಧರ್ಮಕ್ಕೆ ಅಂತ ಅಂದ್ಕೊಂಡು ನಾನು ಅದರ ಗೊಡವೆಗೇ ಹೋಗಿಲ್ಲ.

ಗಂಡ: ಬಾತುಕೋಳಿ ನಿನ್ನದಲ್ವಾ?

ಹೆಂಡತಿ: ನನಗೆ ಬಾತುಕೋಳಿ ಸಾಕೋಕೆ ಎಲ್ಲಿ ಪುರುಸೊತ್ತು? ಆರು ಕೋಟೆ ನನ್ನ ತಲೆ ಮೇಲಿತ್ತು!

ನಗು ನಿಂತಿತು. ಇಬ್ಬರ ದೃಷ್ಟಿಯೂ ಟಿವಿಯ ಕಡೆಗೆ ಹೊರಳಿತು.

ಹೆಂಡತಿ: (ಪಿಸುದನಿಯಲ್ಲಿ) ರೀ, ಹಾಗಾದ್ರೆ ಅವನೇ...

ಗಂಡ: ತಾನೇ ಎದ್ದು, ತಾನೇ ಕಟ್ಟಿದ್ದಾನೆ. ನಾವು ಇಲ್ಲದಾಗ. ನಾನು ಹೇಳಲಿಲ್ವಾ? ಕಾಯಿಲೆ ಇದೆ! ಇಬ್ಬರಲ್ಲ, ಮೂವರು!

ಹೆಂಡತಿ: ಒತ್ತಿಬಿಡಿ.

ಗಂಡ: ಒತ್ತಲಾ?

ಹೆಂಡತಿ: ಒತ್ತಿ ರೀ, ನನಗೆ ಭಯ ಆಗ್ತಿದೆ!

ಅತ್ತೆ: ಕೈ ತೆಗೆಯೋ ಅದರ ಮೇಲಿಂದ.

ಮೂಲೆಯಿಂದ ಬಂದ ಆ ಧ್ವನಿಯು ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ಗಾಬರಿಗೊಂಡ ಗಂಡಸರನ್ನು ಹೊರಗೆ ಕಳಿಸಿದ ಧ್ವನಿ. ಮಗನೂ ಸೊಸೆಯೂ ನೆಟ್ಟಗೆ ಕುಳಿತರು.

ಗಂಡ: ಅಮ್ಮ? ನೀನು?

ಅತ್ತೆ: ಹೂಂ, ನಾನು. ಸಂಜೆ ನೀವಿಬ್ಬರೂ ವಾಕಿಂಗ್ ಹೋಗ್ತೀರಲ್ಲ, ಐದರಿಂದ ಆರು.

ಹೆಂಡತಿ: ಅತ್ತೆ! ನಿಮಗೆ ಟಿವಿ ಮಂಜು ಮಂಜಾಗಿ ಕಾಣುತ್ತೆ ಅಂದಿದ್ರಿ!

ಅತ್ತೆ: ಆಪರೇಷನ್ ಆಗಿ ವರ್ಷ ಆಯ್ತಮ್ಮ. ಕರ್ಕೊಂಡು ಹೋದವಳು ನೀನೇ, ಮರ್ತವಳೂ ನೀನೇ. ಕಿವಿಯಂತೂ ಮೊದಲಿಂದಾನೂ ಚೆನ್ನಾಗಿದೆ. ಎರಡು ತಿಂಗಳಿಂದ ಮಧ್ಯಾಹ್ನ ನಿನ್ನ ಹೊಲಿಗೆ ಯಂತ್ರದ ಸದ್ದೇ ಇಲ್ಲ, ‘ಹಾಕು, ಇನ್ನೊಂದು ಹಾಕು’ ಅನ್ನೋದು ಕೇಳಿಸುತ್ತೆ.

ಗಂಡ: ಮತ್ತೆ ಹೇಳಬಾರದಿತ್ತಾ ಅಮ್ಮ? ನಾನು ಇಲ್ಲಿ ಅತ್ತು ಸಾಯ್ತಾ ಇದ್ದೀನಿ!

ಅತ್ತೆ: ಹೇಳಿದ್ರೆ ನನ್ನ ಸರದಿ ಹೋಗ್ತಿತ್ತು. ಬೆಳಗ್ಗೆ ನೀನು ಅವನ ಕೈಲಿ ಇರೋದೆಲ್ಲ ದಾನ ಮಾಡಿಸ್ತೀಯ. ಮಧ್ಯಾಹ್ನ ಇವಳು ಹೊಡೆದಾಡಿಸ್ತಾಳೆ. ಸಂಜೆ ಹೊತ್ತಿಗೆ ಪಾಪ ಮೈಯೆಲ್ಲ ಗಾಯ, ಹೊಟ್ಟೆ ಖಾಲಿ. ನಾನು ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಕೊಳದ ಹತ್ರ ಕೂರಿಸ್ತೀನಿ. ಯಾರಾದ್ರೂ ಒಬ್ಬರು ಅವನನ್ನ ಕೂರಿಸಿದ್ರಾ ಇಷ್ಟು ದಿನದಲ್ಲಿ?

ಮಗ ಸೊಸೆಯರು ತಲೆ ತಗ್ಗಿಸಿದರು.

ಅತ್ತೆ: ಡಾಕ್ಟರು ‘ತನ್ನೋರು ಯಾರೂ ಇಲ್ಲ’ ಅಂದ್ರು ಅಂತ ಹೇಳಿದ್ಯಲ್ಲ, ನನ್ನ ಕಿವಿಗೆ ಬಿತ್ತು. ಅದಕ್ಕೇ ಮದುವೆ ಮಾಡಿದೆ.

ಗಂಡ, ಹೆಂಡತಿ: ಮದುವೆ!

ಅತ್ತೆ: ಆ ದೋಣಿ ನಡೆಸೋ ಹುಡುಗಿ ಜೊತೆ. ಗಟ್ಟಿಗಿತ್ತಿ.

ಹೆಂಡತಿ: ದೋಣಿಯವಳಾ? ಅಯ್ಯೋ ಅತ್ತೆ, ನಾನು ಅವಳ ದೋಣಿ ಮುಳುಗಿಸಿದ್ದೆನಲ್ಲ!

ಅತ್ತೆ: ಗೊತ್ತು. ಸಂಜೆ ಅಳ್ತಾ ಕೂತಿದ್ಲು. ಇವನ ಕೈಲಿ ಐದು ಸಲ ಕ್ಷಮೆ ಕೇಳಿಸಿದೆ. ಅಷ್ಟು ಸಲ ಕ್ಷಮೆ ಕೇಳೋ ಗಂಡು ಎಲ್ಲಿ ಸಿಗ್ತಾನೆ? ಒಪ್ಪಿಬಿಟ್ಲು.

ಗಂಡ: ಅಂದ್ರೆ ಇವತ್ತು ಬೆಳಗ್ಗೆ... ನಾನು ‘ಸಹೋದರಿ’ ಅಂದಿದ್ದು...

ಅತ್ತೆ: ಕಟ್ಕೊಂಡ ಹೆಂಡತೀನ.

ಗಂಡ: (ಹಣೆ ಹೊಡೆದುಕೊಂಡು) ಆ ಮನೆ ಒಳಗೆ ನಾನು ಒಂದು ಸಲಾನೂ ಹೋಗಲಿಲ್ವಲ್ಲ!

ಅತ್ತೆ: ನೀನು ಬಾಗಿಲು ತಟ್ಟಿ ಹೊರಗೇ ಕಾಯೋನು. ಇವಳು ಕುದುರೆಯಿಂದ ಇಳಿಯೋಳೇ ಅಲ್ಲ. ನನಗೇನು ಹೆದರಿಕೆ? ಈಗ ಅವಳಿಗೆ ದಿನ ತುಂಬಿದೆ. ಆಟದಲ್ಲಿ ಒಂಬತ್ತು ತಿಂಗಳು ಒಂಬತ್ತೇ ದಿನಕ್ಕೆ ಮುಗಿಯುತ್ತೆ, ನನ್ನ ವಾರ್ಡಲ್ಲಿ ಹೀಗಿದ್ದಿದ್ರೆ ನಾನು ಮನೆಗೇ ಬರ್ತಿರಲಿಲ್ಲ... ತಾಳು. ಏದುಸಿರು ಬಿಡ್ತಾ ಬಂದ್ಲು ಅಂದ್ಯಲ್ಲ? ಕೈ ಎಲ್ಲಿತ್ತು?

ಗಂಡ: ಸೊಂಟದ ಮೇಲೆ. ಎರಡೂ.

ಅತ್ತೆ: ದಡ್ಡ! ಅವಳು ಪರಿಚಯ ಹೇಳ್ಕೊಳ್ಳೋಕೆ ಬಂದಿದ್ದಲ್ಲ. ನೋವು ಶುರುವಾಗಿದೆ!

ಬಟ್ಟಲು ಉರುಳಿತು, ಬಟಾಣಿಗಳು ನೆಲದುದ್ದಕ್ಕೂ ಚದುರಿದವು.

ಹೆಂಡತಿ: ‘ಬೇಡ’ ಒತ್ತಿ ರೀ, ‘ಬೇಡ’!

ಗಂಡ: ಬೆರಳು ಬರ್ತಿಲ್ಲ! ಅರ್ಧ ಗಂಟೆಯಿಂದ ಹಾಗೇ ಇಟ್ಟು ಮರಗಟ್ಟಿಹೋಗಿದೆ! ಅಲ್ಲಾಡಿಸಿದ್ರೆ ‘ಹೌದು’ ಒತ್ತಿಹೋಗುತ್ತೆ!

ಹೆಂಡತಿ: ಉಸಿರು ಹಿಡೀರಿ. ಅಲ್ಲಾಡಬೇಡಿ.

ಹೊಲಿಗೆ ಯಂತ್ರದ ಸೂಜಿಯ ಕೆಳಗಿನಿಂದ ರೇಷ್ಮೆಯನ್ನು ಬಿಡಿಸಿಕೊಳ್ಳುವ ನಾಜೂಕಿನಿಂದ ಆಕೆ ಪತಿಯ ಹೆಬ್ಬೆರಳನ್ನು ಎರಡು ಬೆರಳುಗಳಿಂದ ಹಿಡಿದು, ಕೂದಲೆಳೆಯಷ್ಟೂ ಕೆಳಗಿಳಿಸದೆ, ನೇರವಾಗಿ ಮೇಲಕ್ಕೆತ್ತಿದಳು. ಎತ್ತಿದವಳೇ ‘ಬೇಡ’ ಎಂಬುದನ್ನು ಒತ್ತಿದಳು. ಪ್ರಶ್ನೆ ಮಾಯವಾಗಿ ಕೊಳ ಕಾಣಿಸಿತು. ದಂಡೆಯಲ್ಲಿ ವೀರನು ಒಬ್ಬನೇ ನಿಂತಿದ್ದನು.

ಅತ್ತೆ: ಮನೆಗೆ ಹೋಗಿದ್ದಾಳೆ. ಕೋಟೆ ವೈದ್ಯನ ಹತ್ರ ಔಷಧಿ ಬೇರು ತರಬೇಕು, ಬೇಗ!

ಹೆಂಡತಿ: ಕೊಡಿ ಇಲ್ಲಿ ರಿಮೋಟು. ಕುದುರೆ ನನ್ನದು.

ಗಂಡ: ಸೇತುವೆ! ಸೇತುವೆ ಹುಷಾರು!

ಹೆಂಡತಿ: ಸೇತುವೆ ಮೇಲೆ ಯಾರ್ರೀ ಹೋಗ್ತಾರೆ? ಹಾರಿಸ್ತೀನಿ!

ಕುದುರೆ ಹಾರಿತು. ಮೀನುಗಾರರು ಬಾಯಿ ತೆರೆದು ನೋಡಿದರು. ಕೋಟೆಯ ಮುಂದೆ ಮಾತ್ರ ಕಾವಲುಗಾರನು ಈಟಿಯನ್ನು ಅಡ್ಡ ಹಿಡಿದನು.

ಹೆಂಡತಿ: ಬಿಡಲ್ವಂತೆ! ಹೋದ ವಾರ ಒದ್ದಿದ್ದೆ, ಅದನ್ನೇ ಇನ್ನೂ ಇಟ್ಕೊಂಡಿದ್ದಾನೆ. ಇನ್ನೊಂದು ಒದೀಲಾ?

ಗಂಡ: ಬೇಡ, ಬೇಡ, ನನಗೆ ಕೊಡು. (ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ) ‘ತಮಗೆ ನೋವಾಗಿದ್ದರೆ ಕ್ಷಮಿಸಿ.’ ‘ಮನೆಯಲ್ಲಿ ಹೆರಿಗೆ.’ ‘ತಮ್ಮ ಮಕ್ಕಳು ಹೇಗಿದ್ದಾರೆ?’

ಹೆಂಡತಿ: ಈಗ ಮಕ್ಕಳ ಯೋಗಕ್ಷೇಮ ಬೇಕಾ ರೀ!

ಗಂಡ: ನೋಡು, ಈಟಿ ತೆಗೆದ. ಮೂರು ಮಕ್ಕಳಂತೆ. ಬೇರು ಅವನೇ ತಂದುಕೊಡ್ತಾನಂತೆ.

ಬೇರು ಬಂದಿತು, ಕುದುರೆ ಮತ್ತೊಮ್ಮೆ ಹಾರಿತು, ಹೂವಿನ ಪರದೆಯ ಮನೆಯ ಮುಂದೆ ನಿಂತಿತು. ಈ ಬಾರಿ ಗಂಡನು ಬಾಗಿಲು ತಟ್ಟಲಿಲ್ಲ, ಹೆಂಡತಿಯು ಕುದುರೆಯಿಂದ ಇಳಿದಳು. ಅತ್ತೆಯು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಿಮೋಟಿಗೆ ಕೈ ಚಾಚಿದಳು.

ಅತ್ತೆ: ನೀವಿಬ್ಬರೂ ಹಿಂದೆ ನಿಲ್ಲಿ. ಬೆಳಕಿಗೆ ಅಡ್ಡ ಬರಬೇಡಿ. ಹಾಂ ತಾಯಿ, ಉಸಿರು ಬಿಡು... ನಿಧಾನ... ಎಷ್ಟು ಜನರನ್ನ ನೋಡಿದ್ದೀನಿ ನಾನು, ಹೆದರಬೇಡ. ಇನ್ನೊಂದು ಸಲ... ಹಾಂ!

ಟಿವಿಯೊಳಗಿಂದ ಸಣ್ಣ ಅಳು ಕೇಳಿಸಿತು. ವೀರನ ತೋಳುಗಳಲ್ಲಿ ಒಂದು ಪುಟ್ಟ ಗಂಟು. ದೋಣಿಯ ಹುಡುಗಿ ಅವನನ್ನು ನೋಡಿ, ‘ಬೆಳಗ್ಗೆ ಏನಾಗಿತ್ತು ನಿಮಗೆ?’ ಎಂದಳು. ಮೂರು ಉತ್ತರಗಳು ಮೂಡಿದವು. ಮೂವರೂ ಒಂದೇ ಉತ್ತರದ ಕಡೆಗೆ ಬೆರಳು ತೋರಿದರು: ‘ಈಗ ಬಂದೆನಲ್ಲ.’

ಹೆಂಡತಿ: ಹೆಣ್ಣು ಮಗು! ನೋಡಿ ರೀ, ಅಪ್ಪನ್ನ ನೋಡಿ ನಕ್ತು! ಗುರುತು ಹಿಡೀತು!

ಅತ್ತೆ: ಹುಟ್ಟಿದ ಗಳಿಗೇಲಿ ಯಾವ ಕೂಸೂ ಯಾರ ಗುರುತೂ ಹಿಡಿಯಲ್ಲಮ್ಮ. ಎತ್ಕೊಂಡೋರಿಗೆ ಅಂಟ್ಕೊಳ್ಳುತ್ತೆ, ಅಷ್ಟೇ. ಸಾವಿರಾರು ನೋಡಿದ್ದೀನಿ. ನೀನು ಯಾರು ಅಂತ ಒಂದಾದ್ರೂ ಕೇಳಲಿ!

ಗಂಡನು ಕನ್ನಡಕ ತೆಗೆದು ಒರೆಸಿಕೊಂಡನು. ಅಷ್ಟರಲ್ಲಿ ಫೋನು ರಿಂಗಣಿಸಿತು. ಗಂಟೆ ಹತ್ತೂಕಾಲು, ಆಫೀಸಿನ ಸಾಹೇಬರು.

ಗಂಡ: (ಫೋನಿನಲ್ಲಿ) ನಮಸ್ಕಾರ ಸಾರ್. ಹೌದು ಸಾರ್, ತಡ ಆಯ್ತು. ಇವತ್ತೊಂದು ದಿನ ರಜೆ ಬೇಕು. ಮನೇಲಿ ಹೆರಿಗೆ ಆಯ್ತು... ಹೆಣ್ಣು ಮಗು ಸಾರ್, ಬಾಣಂತಿ ಕ್ಷೇಮ... ಇಲ್ಲ ಸಾರ್, ನಮ್ಮ ಮನೆಯವಳಿಗಲ್ಲ... ಛೆ ಛೆ, ಅಮ್ಮನಿಗೂ ಅಲ್ಲ!... ಮಗುವಿನ ತಂದೆಯಾ?

ಅವನು ಹೆಂಡತಿಯನ್ನು ನೋಡಿದನು, ತಾಯಿಯನ್ನು ನೋಡಿದನು, ಟಿವಿಯಲ್ಲಿ ಕೂಸನ್ನು ತೂಗುತ್ತಿರುವ ವೀರನನ್ನು ನೋಡಿದನು. ಸುಳ್ಳು ದಾಖಲೆ ಮಾಡುವ ಅಭ್ಯಾಸ ಅವನಿಗಿರಲಿಲ್ಲ.

ಗಂಡ: ತಂದೆ ಒಬ್ಬನೇ ಸಾರ್. ಆದ್ರೆ ಅವನು ನಾವು ಮೂರು ಜನ.

ಬೆಳಗ್ಗೆ ದಾನಿಯೂ ಮಧ್ಯಾಹ್ನ ಧೀರನೂ ಸಂಜೆ ಸಂಸಾರಿಯೂ ಆದ ಆ ಪುಣ್ಯಾತ್ಮನ ಆಯುಸ್ಸು ಹೆಚ್ಚಲಿ. ಅವನ ಮಡದಿಯ ದೋಣಿ ಎಂದಿಗೂ ತೇಲಲಿ. ಕೂಸಿನ ತೊಟ್ಟಿಲು ತೂಗಲಿ, ಬಾತುಕೋಳಿಗಳು ಬೆಳೆಯಲಿ. ಕೊಳದ ದಂಡೆಯ ಆ ಮನೆಯಲ್ಲಿಯೂ, ಅದನ್ನು ತನ್ನ ಟಿವಿಯೊಳಗೆ ಇರಿಸಿಕೊಂಡ ಈ ಮನೆಯಲ್ಲಿಯೂ, ಭಗವಂತನ ದಯೆಯಿಂದ ದೀಪವೂ ವಿದ್ಯುತ್ತೂ ಆರದಿರಲಿ.